ಜನವರಿಯ 62 ನಿಮಿಷ, ಮಾರ್ಚಿನ 69 ನಿಮಿಷ: ಬದಿಯಡ್ಕದ ಓಟಗಾರ್ತಿಯೊಬ್ಬರ ಪ್ರಕರಣ ಅಧ್ಯಯನ

ಜನವರಿ ಕೊನೆಯಲ್ಲಿ 10 ಕಿಲೋಮೀಟರಿಗೆ 62 ನಿಮಿಷ. ಮಾರ್ಚ್ ಕೊನೆಯಲ್ಲಿ ಅದೇ ರಸ್ತೆ, ಅದೇ ಶೂ, ಎದೆಬಡಿತವೂ ಅಷ್ಟೇ, ಆದರೆ 69 ನಿಮಿಷ. ಈ ಎರಡು ತಿಂಗಳಲ್ಲಿ ತರಬೇತಿ ತಪ್ಪಿದ್ದು ಇಲ್ಲವೇ ಇಲ್ಲ ಅನ್ನಬಹುದು. ಓಡಿದಷ್ಟೂ ನಿಧಾನವಾಗುವುದು ಯಾವ ಸೀಮೆಯ ನ್ಯಾಯ ಎಂದು ಕೇಳಲು ಅವರು ಮೊದಲು ಹೋದದ್ದು ಡಾಕ್ಟರ ಹತ್ತಿರ. ನನ್ನ ಹತ್ತಿರ ಬಂದದ್ದು ಆಮೇಲೆ.

ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಗಾಗಿ ಇಲ್ಲಿ ಟೀಚರ್ ಎಂದೇ ಬರೆಯುತ್ತೇನೆ. ಊರಿನವರು ಕರೆಯುವುದೂ ಹಾಗೆಯೇ. ವಯಸ್ಸು 37, ತೂಕ 58 ಕೆಜಿ, ಕೆಲಸ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ. ಹಿಂದಿನ ದೀಪಾವಳಿಯ ಸುಮಾರಿಗೆ ಓಟ ಶುರುಮಾಡಿದವರು. ಗುರಿ ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ನಡೆಯುವ ವರ್ಲ್ಡ್ 10ಕೆ, 60 ನಿಮಿಷದ ಒಳಗೆ ಮುಗಿಸುವುದು. ದಾರಿ ಬದಿಯಡ್ಕದಿಂದ ನೀರ್ಚಾಲು ದಾಟಿ ಕುಂಬಳೆ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋಗಿ ವಾಪಸ್ಸು. ಏರು ಇಳಿತ ಇದೆ, ಎರಡೂ ಬದಿ ತೋಟ, ನಡುನಡುವೆ ಮುರಕಲ್ಲಿನ (ಕೆಂಪುಕಲ್ಲಿನ) ಬೋಳು ಗುಡ್ಡೆ.

ರಕ್ತ ಪರೀಕ್ಷೆಯಲ್ಲಿ ಎಲ್ಲವೂ ಸರಿ ಇತ್ತು. ಹಿಮೋಗ್ಲೋಬಿನ್ 12.6, ಥೈರಾಯ್ಡ್ ಸರಿ, ಸಕ್ಕರೆ ಸರಿ. ಹೆಣ್ಣುಮಕ್ಕಳ ಓಟ ಕಾರಣವಿಲ್ಲದೆ ಬಿದ್ದರೆ ಮೊದಲು ಕಬ್ಬಿಣಾಂಶ, ಥೈರಾಯ್ಡ್ ನೋಡುವುದೇ ಸರಿಯಾದ ಕ್ರಮ, ಅದರಲ್ಲಿ ಎರಡು ಮಾತಿಲ್ಲ. ಡಾಕ್ಟರು ನಾಲ್ಕು ದಿನ ರೆಸ್ಟ್ ತಗೊಳ್ಳಿ ಅಂದರು. ಕೈಗಡಿಯಾರ ಮಾತ್ರ ಸುಮ್ಮನಿರಲಿಲ್ಲ. ಆಮ್ಲಜನಕ ಬಳಸುವ ಸಾಮರ್ಥ್ಯದ ಅಂದಾಜು 38 ಇದ್ದದ್ದು 35ಕ್ಕೆ ಇಳಿದಿದೆ, ನಿಮ್ಮ ಫಿಟ್‌ನೆಸ್ ಕುಸಿಯುತ್ತಿದೆ ಎಂದು ಅದು ವಾರಕ್ಕೊಮ್ಮೆ ತೋರಿಸುತ್ತಿತ್ತು. ಅಲ್ಲಿಗೆ ಟೀಚರ್ ಮಾಡಿದ್ದು ಯಾವ ಶ್ರದ್ಧಾವಂತ ಓಟಗಾರನೂ ಮಾಡುವಂಥದ್ದೇ: ಓಟ ಹೆಚ್ಚಿಸಿದರು.

ಫೋನ್ ತೋರಿಸಿದ ಶೇಕಡಾ

ಟೀಚರರ ಹತ್ತಿರ ಒಂದು ನೋಟ್‌ಪುಸ್ತಕ ಇತ್ತು. ಪ್ರತಿ ಓಟದ ದಿನಾಂಕ, ಹೊತ್ತು, ಸಮಯ, ಸರಾಸರಿ ಎದೆಬಡಿತ, ಫೋನ್‌ನಲ್ಲಿ ಕಂಡ ತಾಪಮಾನ, ತೇವಾಂಶ, ಎಲ್ಲ ಕೆಂಪು ಗೆರೆ ಹಾಕಿ ಬರೆದಿಟ್ಟಿದ್ದರು. ಈ ಪ್ರಕರಣವನ್ನು ಹೀಗೆ ವಿವರವಾಗಿ ಬರೆಯಲು ಸಾಧ್ಯವಾದದ್ದು ಆ ಪುಸ್ತಕದಿಂದಲೇ. ಅದರಲ್ಲಿ ಮಾರ್ಚ್ ಮೊದಲ ವಾರದಿಂದ ಒಂದು ಬದಲಾವಣೆ ಕಂಡಿತು. ಜನವರಿ, ಫೆಬ್ರವರಿಯ ಓಟವೆಲ್ಲ ಬೆಳಿಗ್ಗೆ. ಮಾರ್ಚ್‌ನಿಂದ ಸಂಜೆ, ಸುಮಾರು 5 ಗಂಟೆಗೆ.

ಯಾಕೆ ಎಂದು ಕೇಳಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸ ಒಂದು ಕಾರಣ. ಬೆಳಕು ಹರಿಯುವ ಮೊದಲು ಹೊರಟರೆ ಬೀದಿನಾಯಿಗಳ ಕಾಟ, ಒಬ್ಬಂಟಿ ಹೆಂಗಸಿಗೆ ಅದು ಸಣ್ಣ ವಿಷಯವಲ್ಲ. ಆದರೆ ಅವರು ಒತ್ತಿ ಹೇಳಿದ್ದು ಮೂರನೆಯ ಕಾರಣವನ್ನು. "ಬೆಳಿಗ್ಗೆ ಹ್ಯುಮಿಡಿಟಿ 93 ಪರ್ಸೆಂಟ್ ತೋರಿಸ್ತದೆ ಸರ್. ಸಂಜೆ 65. ಹಾಗಾಗಿ ಸಂಜೆ ಒಳ್ಳೇದಲ್ವಾ?"

ಇಡೀ ಪ್ರಕರಣದ ಗಂಟು ಇದ್ದದ್ದು ಇಲ್ಲಿ. ಆ ಶೇಕಡಾ ಲೆಕ್ಕ ಗಾಳಿಯಲ್ಲಿ ನೀರಾವಿ ಎಷ್ಟಿದೆ ಎಂದು ಹೇಳುವುದಿಲ್ಲ. ಆ ತಾಪಮಾನದಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಹುದಾದ ಗರಿಷ್ಠದಲ್ಲಿ ಎಷ್ಟು ಪಾಲು ತುಂಬಿದೆ ಎಂದಷ್ಟೇ ಹೇಳುತ್ತದೆ. ಗಾಳಿ ಬಿಸಿಯಾದ ಹಾಗೆ ಆ ಗರಿಷ್ಠವೂ ಏರುತ್ತದೆ, ಆದ್ದರಿಂದ ನೀರಾವಿ ಒಂದು ಗ್ರಾಂ ಕೂಡ ಕಡಿಮೆಯಾಗದೆ ಶೇಕಡಾ ಇಳಿಯುತ್ತದೆ. ಓಡುವವರು ನೋಡಬೇಕಾದದ್ದು ಡ್ಯೂ ಪಾಯಿಂಟ್, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಇಬ್ಬನಿ ಕಟ್ಟುತ್ತದೆಯೋ ಆ ತಾಪಮಾನ. ಹವಾಮಾನದ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಇದೂ ಇರುತ್ತದೆ, ಸ್ವಲ್ಪ ಕೆಳಗೆ, ಯಾರೂ ನೋಡದ ಜಾಗದಲ್ಲಿ.

ಟೀಚರರ ಅಂಕಿಗಳನ್ನೇ ಹಾಕಿ ನೋಡಿದೆವು. ಜನವರಿಯ ಬೆಳಿಗ್ಗೆ 21 ಡಿಗ್ರಿ, ತೇವಾಂಶ ಶೇ. 78, ಡ್ಯೂ ಪಾಯಿಂಟ್ ಸುಮಾರು 17. ಮಾರ್ಚ್ ಕೊನೆಯ ಸಂಜೆ 33 ಡಿಗ್ರಿ, ತೇವಾಂಶ ಶೇ. 65; ಡ್ಯೂ ಪಾಯಿಂಟ್ 25ಕ್ಕಿಂತ ಮೇಲೆ. ಶೇಕಡಾ ಕಡಿಮೆ, ನೀರಾವಿ ಮಾತ್ರ ಒಂದೂವರೆ ಪಾಲಿಗೂ ಮಿಕ್ಕಿ. ಒಂದು ಘನಮೀಟರ್ ಗಾಳಿಯಲ್ಲಿ ಜನವರಿಯಲ್ಲಿ ಹೆಚ್ಚುಕಡಿಮೆ 14 ಗ್ರಾಂ ಇದ್ದದ್ದು ಈಗ 23 ಗ್ರಾಂ. ಬೆವರಿದ ಚರ್ಮಕ್ಕೆ ತಾಗಿಕೊಂಡ ಗಾಳಿ 35 ಡಿಗ್ರಿಯಲ್ಲಿ ಸುಮಾರು 39 ಗ್ರಾಂ ಹಿಡಿಯುತ್ತದೆ. ಬೆವರು ಆವಿಯಾಗುವುದು ಈ ಎರಡರ ನಡುವಿನ ಅಂತರದಿಂದ. 25 ಗ್ರಾಂ ಅಂತರ ಇದ್ದದ್ದು 16ಕ್ಕೆ ಬಂದಿದೆ. ಜಡಿಮಳೆಯ ಆಟಿ ತಿಂಗಳಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಯ ಪಾಡೇ ಓಡುವವರ ಮೈಯದ್ದೂ.

ಜನವರಿ ಯಾಕೆ ಹಾಗಿತ್ತು ಎಂಬುದನ್ನೂ ಹೇಳಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇಲ್ಲಿ ರಾತ್ರಿ ಮತ್ತು ನಸುಕಿನಲ್ಲಿ ಗಾಳಿ ಬೀಸುವುದು ಪೂರ್ವದಿಂದ, ಘಟ್ಟದ ಕಡೆಯಿಂದ ಸಮುದ್ರಕ್ಕೆ. ಅದು ಒಣಗಾಳಿ. ಹಗಲು ಹತ್ತು ಹನ್ನೊಂದರ ಹೊತ್ತಿಗೆ ನೆಲ ಕಾದು ಗಾಳಿ ತಿರುಗಿ ಸಮುದ್ರದಿಂದ ಬರತೊಡಗುತ್ತದೆ, ಜೊತೆಗೆ ನೀರಾವಿ ಹೊತ್ತು ತರುತ್ತದೆ. ಮಾರ್ಚ್ ಕಳೆದ ಮೇಲೆ ಅರಬ್ಬಿ ಸಮುದ್ರವೇ ಬಿಸಿಯಾಗಿರುತ್ತದೆ, ರಾತ್ರಿಯ ಒಣಗಾಳಿಗೂ ಜೋರು ಉಳಿದಿರುವುದಿಲ್ಲ. ಅದರ ಮೇಲೆ ಕಾಸರಗೋಡು ಇರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮೂರನೆಯ ವಾರ ಕಳೆಯುವಾಗ ನಡುಹಗಲಿನ ಸೂರ್ಯ ನೆತ್ತಿಗೇ ಬರುತ್ತಾನೆ. ಐದು ಗಂಟೆಗೆ ಬಿಸಿಲು ಓರೆಯಾದರೂ ಹಗಲೆಲ್ಲ ಕುಡಿದ ಬಿಸಿಯನ್ನು ಡಾಂಬರು ಮತ್ತು ಮುರಕಲ್ಲು ಹೊರಗೆ ಬಿಡುತ್ತಲೇ ಇರುತ್ತವೆ.

ವಿಷು ಕಳೆದ ಮೇಲಿನ ಸಂಜೆ

ನಾವು ಇಷ್ಟೆಲ್ಲ ಲೆಕ್ಕ ಹಾಕಿದ್ದು ಒಂದು ಅವಘಡ ತಪ್ಪಿದ ಮೇಲೆ. ಅದನ್ನು ಟೀಚರ್ ಹೇಳಿದ ಹಾಗೆಯೇ ದಾಖಲಿಸುತ್ತೇನೆ.

ಏಪ್ರಿಲ್ ನಡುವಿನ ವಿಷು ಹಬ್ಬ ಕಳೆದಿತ್ತು, ಶಾಲೆಗೆ ರಜೆ. 12 ಕಿಲೋಮೀಟರ್ ಓಡುವ ಯೋಜನೆ ಹಾಕಿ 4.45ಕ್ಕೆ ಹೊರಟರು. ಸೆಕೆ ಎಂದು ಮೊದಲೇ ಒಂದೂವರೆ ಲೀಟರ್ ಬರೇ ನೀರು ಕುಡಿದಿದ್ದರು. ಮೈಮೇಲೆ ಉದ್ದ ತೋಳಿನ ದಪ್ಪ ಕಾಟನ್ ಟೀ ಶರ್ಟ್, ಕೆಳಗೆ ಟ್ರ್ಯಾಕ್ ಪ್ಯಾಂಟ್. ನೀರ್ಚಾಲಿನಿಂದ ವಾಪಸ್ಸು ಬರುವಾಗ, ಸುಮಾರು ಎಂಟನೆಯ ಕಿಲೋಮೀಟರಿನಲ್ಲಿ, ಎರಡೂ ತೋಳಿನಲ್ಲಿ ರೋಮ ಎದ್ದು ನಿಂತವು, ಚಳಿ ಹಿಡಿದ ಹಾಗೆ. ಅಷ್ಟು ಸೆಕೆಯಲ್ಲಿ ಚಳಿ! ಮೊದಲು ಖುಷಿಯೇ ಆಯಿತಂತೆ, ಗಾಳಿ ಬೀಸಿತು ಅಂದುಕೊಂಡರು. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ರಸ್ತೆಯ ಬಿಳಿ ಗೆರೆ ಎರಡಾಗಿ ಕಂಡಿತು, ಹೊಟ್ಟೆ ತೊಳಸಿತು. ಒಂದು ತೋಟದ ಪಾಗಾರದ ಮೇಲೆ ಕೂತುಬಿಟ್ಟರು.

ತೋಟದ ಯಜಮಾನರು ಅಡಿಕೆಗೆ ನೀರು ಬಿಡುತ್ತಿದ್ದರು. "ಎಂತ ಟೀಚರೇ, ಮುಖ ಎಲ್ಲ ಬಿಳಿಚಿದೆಯಲ್ಲ?" ಎಂದವರೇ ಉತ್ತರಕ್ಕೆ ಕಾಯದೆ ಅವರನ್ನು ಸ್ಪ್ರಿಂಕ್ಲರಿನ ಬುಡದಲ್ಲಿ ಕೂರಿಸಿ, ಪೈಪು ಹಿಡಿದು ತಲೆ, ಕುತ್ತಿಗೆ, ಬೆನ್ನಿಗೆ ನೀರು ಹಾಯಿಸಿದರು. ಮನೆಯಿಂದ ಉಪ್ಪು ಹಾಕಿದ ಮಜ್ಜಿಗೆ ಬಂತು. ಗಂಡನ ಫೋನ್ ನಂಬರ್ ಕೇಳಿದಾಗ ಟೀಚರ್ ತಡವರಿಸದೆ ಹೇಳಿದರು. ಅರ್ಧ ಗಂಟೆಯಲ್ಲಿ ಎದ್ದು ನಿಂತರು. ರಾತ್ರಿ ತಲೆನೋವು ಇತ್ತು, ಮರುದಿನ ಡಾಕ್ಟರಿಗೆ ತೋರಿಸಿದರು, ಏನೂ ತೊಂದರೆ ಕಾಣಲಿಲ್ಲ.

ಆ ಯಜಮಾನರು ಕ್ರೀಡಾ ವೈದ್ಯರ ಪುಸ್ತಕ ಓದಿದವರಲ್ಲ. ಆದರೆ ಮಾಡಿದ್ದು ಅಕ್ಷರಶಃ ಅದರಲ್ಲಿ ಇರುವುದನ್ನೇ. ಮೊದಲು ತಂಪು ಮಾಡು, ಆಮೇಲೆ ಸಾಗಿಸು. ಬೆವರಿದ ಮೈಗೆ ತಣ್ಣೀರು ಹಾಕಬಾರದು, ಸನ್ನಿ ಹಿಡಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಓಟದಲ್ಲಿ ಕುಸಿದವರ ಮಟ್ಟಿಗೆ ಆ ನಂಬಿಕೆ ಅಪಾಯಕಾರಿ. ಟೀಚರಿಗೆ ಆದದ್ದು ತಾಪದ ಬಳಲಿಕೆ. ಕೂತು, ನೀರು ಹಾಕಿಸಿಕೊಂಡು, ಮಾತಾಡುತ್ತಾ ಸುಧಾರಿಸಿದರು. ದೇಹದ ಒಳಗಿನ ತಾಪ 40 ಡಿಗ್ರಿ ದಾಟಿ, ಮಾತು ಅಡ್ಡಾದಿಡ್ಡಿಯಾದರೆ, ತನ್ನ ಹೆಸರು, ಊರು ಹೇಳಲು ತೊದಲಿದರೆ, ಅದು ಹೀಟ್ ಸ್ಟ್ರೋಕ್. ಅಲ್ಲಿ ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಸಿದರೆ ಜೀವ ಉಳಿಯುವ ಸಂಭವ ಬಹಳ ಹೆಚ್ಚು. ಸಾಧ್ಯವಿದ್ದರೆ ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸಬೇಕು. ಟಬ್ ಇಲ್ಲವೆಂದರೆ ತೋಟದ ಟ್ಯಾಂಕಿ ಇದ್ದರೂ ಆದೀತು, ತಲೆ ಮೇಲೆ ಹಿಡಿದುಕೊಳ್ಳಲು ಒಬ್ಬರು ಬೇಕು ಅಷ್ಟೇ. ಆಂಬ್ಯುಲೆನ್ಸಿಗೆ ಫೋನ್ ಮಾಡಬೇಕು, ಅದು ಬರುವವರೆಗೆ ನೀರು ಸುರಿಯುವುದನ್ನು ನಿಲ್ಲಿಸಬಾರದು. ಎಚ್ಚರ ಸರಿಯಿಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ರೋಮ ಏಳುವುದನ್ನು ಪ್ರತ್ಯೇಕವಾಗಿ ನೆನಪಿಡಬೇಕು. ಸೆಕೆಯಲ್ಲಿ ಓಡುವಾಗ ಚಳಿಯಾದ ಹಾಗೆ ಆದರೆ ಅದು ದೇಹ ಸೋಲುತ್ತಿರುವ ಗುರುತು. ಅಲ್ಲಿಗೆ ಓಟ ಮುಗಿಯಿತು. ಇನ್ನು ಎರಡೇ ಕಿಲೋಮೀಟರ್ ಎಂಬ ಲೆಕ್ಕ ಬೇಡ.

ಆ ದಿನ ಉಷ್ಣ ಅಲೆಯ ಎಚ್ಚರಿಕೆ ಇತ್ತೇ? ಇರಲಿಲ್ಲ. ಕರಾವಳಿಯಲ್ಲಿ ಹವಾಮಾನ ಇಲಾಖೆ ಉಷ್ಣ ಅಲೆ ಎನ್ನಬೇಕಾದರೆ ಗರಿಷ್ಠ ತಾಪ 37 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಆವತ್ತು 33 ಚಿಲ್ಲರೆ. ಟಿವಿಯಲ್ಲಿ ಪಾಲಕ್ಕಾಡಿನ 40 ಡಿಗ್ರಿ ನೋಡಿ "ನಮ್ಮಲ್ಲಿ ಪರವಾಗಿಲ್ಲ" ಎಂದುಕೊಳ್ಳುವವರು ಬಹಳ. ಆದರೆ ಓಡುವವರಿಗೆ ಬೇಕಾದ ಅಳತೆ ಬೇರೆ. 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ತಾಪದಿಂದ ಕುಸಿಯುವ ಹುಡುಗರ ಸಂಖ್ಯೆ ತಗ್ಗಿಸಲು ಒಂದು ಸೂಚ್ಯಂಕ ಮಾಡಿದರು; ಡಬ್ಲ್ಯೂಬಿಜಿಟಿ (ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್) ಎಂದು ಈಗಲೂ ಬಳಕೆಯಲ್ಲಿದೆ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ 70 ಪಾಲು, ಬಿಸಿಲು ಹೀರುವ ಕಪ್ಪು ಗೋಳಕ್ಕೆ 20, ನಾವು ದಿನಾ ಕೇಳುವ ಗಾಳಿಯ ತಾಪಕ್ಕೆ ಬರೇ 10. ಟೀಚರರ ಆ ಸಂಜೆಗೆ ಈ ಸೂಚ್ಯಂಕ ನನ್ನ ಅಂದಾಜಿನಲ್ಲಿ 30ರ ಮೇಲೆ. 28 ದಾಟಿದರೆ ದೂರದ ಓಟ ನಡೆಸುವುದೇ ಬೇಡ ಎಂಬುದು ಅಮೆರಿಕದ ಕ್ರೀಡಾ ವೈದ್ಯರ ಸಲಹೆ. ಅದೇ ದಿನ ಬೆಳಿಗ್ಗೆ ಆರಕ್ಕೆ, ಶೇ. 93 ತೇವಾಂಶ ಇದ್ದರೂ, ಅದು 25ರ ಆಸುಪಾಸು.

ಟೀ ಶರ್ಟ್ ತೂಗಿದ್ದು

ಅವಘಡದ ನಂತರ ಒಂದು ವಾರ ವಿಶ್ರಾಂತಿ. ಆಮೇಲೆ ಎರಡು ಪರೀಕ್ಷೆ ಮಾಡಿದೆವು.

ಒಂದು, ಬೆವರಿನ ಲೆಕ್ಕ. ಓಟದ ಮೊದಲು ಮತ್ತು ನಂತರ, ಮೈ ಒರೆಸಿಕೊಂಡು ತೂಕ ನೋಡುವುದು. ಜೊತೆಗೆ ಟೀ ಶರ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಲು ಹೇಳಿದೆ. ಬೆಳಿಗ್ಗೆಯ ನಿಧಾನದ ಓಟದಲ್ಲೇ ಗಂಟೆಗೆ ಒಂದು ಕೆಜಿಗೂ ಹೆಚ್ಚು ತೂಕ ಇಳಿದಿತ್ತು. ಒಣಗಿದ್ದಾಗ 190 ಗ್ರಾಂ ಇದ್ದ ಕಾಟನ್ ಟೀ ಶರ್ಟ್ 480 ಗ್ರಾಂ ತೂಗಿತು. ಅಂದರೆ 290 ಗ್ರಾಂ ಬೆವರು ಬಟ್ಟೆಯಲ್ಲೇ ಉಳಿಯಿತು. ತೊಟ್ಟಿಕ್ಕಿ ನೆಲಕ್ಕೆ ಬಿದ್ದದ್ದು ಬೇರೆ. ಇದರಿಂದ ಮೈ ತಣಿದದ್ದು ಅಷ್ಟಕ್ಕಷ್ಟೇ. ಬೆವರು ತಂಪು ಕೊಡುವುದು ಚರ್ಮದ ಮೇಲೆ ಆವಿಯಾದರೆ ಮಾತ್ರ. ಒಂದು ಲೀಟರ್ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಓಡುವಾಗ ಪ್ರತಿ ಕೆಜಿಗೆ, ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲರಿ ಖರ್ಚು. ಟೀಚರರ 58 ಕೆಜಿಗೆ 10 ಕಿಲೋಮೀಟರ್ ಎಂದರೆ 580. ಅದರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ, 450ರಷ್ಟು, ಬರೇ ಶಾಖ. ಸುಮಾರು ಮುಕ್ಕಾಲು ಲೀಟರ್ ಬೆವರು ನಿಜವಾಗಿ ಆವಿಯಾದರೆ ಸಾಕಿತ್ತು. ಅದು ಆಗುತ್ತಿರಲಿಲ್ಲ. ದೇಹ ಇನ್ನಷ್ಟು ಬೆವರು ಸುರಿಸುತ್ತಿತ್ತು, ರಕ್ತವನ್ನು ಕಾಲಿನಿಂದ ಚರ್ಮದ ಕಡೆಗೆ ತಿರುಗಿಸುತ್ತಿತ್ತು. ಹೃದಯ ಒಂದು ಬಡಿತಕ್ಕೆ ದೂಡುವ ರಕ್ತ ಕಡಿಮೆಯಾಗಿ ಬಡಿತದ ಸಂಖ್ಯೆ ಏರುತ್ತಿತ್ತು. ಎದೆಬಡಿತ 152ರಲ್ಲಿ ನಿಲ್ಲಿಸಿಕೊಳ್ಳಬೇಕಾದರೆ ವೇಗ ಬಿಡಲೇಬೇಕು. 62 ನಿಮಿಷ 69 ಆದದ್ದು ಹೀಗೆ.

ಎರಡನೆಯದು ಇದಕ್ಕಿಂತ ಮುಖ್ಯ. ಕಾಸರಗೋಡು ಪೇಟೆಯ ಒಂದು ಎಸಿ ಜಿಮ್‌ನಲ್ಲಿ ಟ್ರೆಡ್‌ಮಿಲ್ ಹತ್ತಿಸಿದೆ. 24 ಡಿಗ್ರಿ, ಮುಖಕ್ಕೆ ನೇರ ಫ್ಯಾನು, ಶೇ. 1 ಏರು. ಅದೇ 152 ಎದೆಬಡಿತಕ್ಕೆ ಟೀಚರ್ ಕಿಲೋಮೀಟರಿಗೆ 6 ನಿಮಿಷ 10 ಸೆಕೆಂಡಿನಲ್ಲಿ ಓಡುತ್ತಿದ್ದರು, ಜನವರಿಯ ವೇಗದಲ್ಲೇ. ಟ್ರೆಡ್‌ಮಿಲ್‌ನ ಅಳತೆ ರಸ್ತೆಯಷ್ಟು ನಂಬುವಂಥದ್ದಲ್ಲ, ಅದು ನಿಜ. ಆದರೂ ಕಿಲೋಮೀಟರಿಗೆ 40 ಸೆಕೆಂಡಿನ ವ್ಯತ್ಯಾಸ ಯಂತ್ರದ ತಪ್ಪಿನಿಂದ ಬರುವಂಥದ್ದಲ್ಲ. ಫಿಟ್‌ನೆಸ್ ಎಲ್ಲೂ ಹೋಗಿರಲಿಲ್ಲ. ಕೈಗಡಿಯಾರ ವೇಗವನ್ನೂ ಎದೆಬಡಿತವನ್ನೂ ನೋಡಿ ತೀರ್ಪು ಕೊಟ್ಟಿತ್ತು, ಗಾಳಿಯನ್ನು ನೋಡಿರಲಿಲ್ಲ. ತಾಪವನ್ನು ಲೆಕ್ಕಕ್ಕೆ ಹಿಡಿಯುವ ಗಡಿಯಾರಗಳೂ ಇವೆ, ಟೀಚರರದ್ದು ಅಂಥದ್ದಲ್ಲ.

ಇದು ಬದಿಯಡ್ಕದ ಮೇಷ್ಟ್ರುಗಳಿಗೆ ಮಾತ್ರ ಆಗುವುದಲ್ಲ. 1997ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ಒಂದೇ ತಂಡದವರನ್ನು ಬೇರೆ ಬೇರೆ ತಾಪಮಾನದಲ್ಲಿ ಸುಸ್ತಾಗಿ ನಿಲ್ಲುವವರೆಗೆ ಸೈಕಲ್ ತುಳಿಸಿದರು. 11 ಡಿಗ್ರಿಯಲ್ಲಿ ಸರಾಸರಿ 93 ನಿಮಿಷ ತಡೆದರು, 31 ಡಿಗ್ರಿಯಲ್ಲಿ 51 ನಿಮಿಷ. 2019ರ ದೋಹಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರ ಮ್ಯಾರಥಾನನ್ನು ಬಿಸಿಲು ತಪ್ಪಿಸಲೆಂದು ನಡುರಾತ್ರಿ ಇಟ್ಟರು. ಬಿಸಿಲು ತಪ್ಪಿತು, ಕೊಲ್ಲಿಯ ನೀರಾವಿ ತಪ್ಪಲಿಲ್ಲ. 30 ಡಿಗ್ರಿ ದಾಟಿದ ತಾಪ, ಶೇ. 70ಕ್ಕಿಂತ ಹೆಚ್ಚು ತೇವಾಂಶ. ಹೊರಟ 68 ಮಂದಿಯಲ್ಲಿ 28 ಮಂದಿ ಅರ್ಧಕ್ಕೇ ನಿಂತರು. ಗೆದ್ದ ಕೀನ್ಯಾದ ಓಟಗಾರ್ತಿ ಅದೇ ವರ್ಷ ಜನವರಿಯಲ್ಲಿ ದುಬೈಯಲ್ಲಿ 2 ಗಂಟೆ 17 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದ್ದವರು. ದೋಹಾದಲ್ಲಿ 2 ಗಂಟೆ 32 ನಿಮಿಷ ಬೇಕಾಯಿತು. ಪದಕದ ಓಟದಲ್ಲಿ ಗಡಿಯಾರ ಯಾರೂ ನೋಡುವುದಿಲ್ಲ ಎಂಬುದನ್ನು ಬಿಟ್ಟುಕೊಟ್ಟರೂ 15 ನಿಮಿಷ ದೊಡ್ಡದೇ. ಆಕೆಯ ಫಿಟ್‌ನೆಸ್ ಕುಸಿಯಿತು ಎಂದು ಯಾರೂ ಹೇಳಲಿಲ್ಲ.

ಬದಲಾಯಿಸಿದ್ದು

ಹೊತ್ತು ಮೊದಲು ಬದಲಾಯಿತು. ಏಪ್ರಿಲ್ ಕೊನೆಗೆ ಆರೂಕಾಲಿನ ಒಳಗೆ ಸೂರ್ಯ ಹುಟ್ಟುತ್ತಾನೆ, ಐದೂ ಮುಕ್ಕಾಲಿಗೆ ಮಸುಕು ಬೆಳಕು ಇರುತ್ತದೆ. ಪಕ್ಕದ ಮನೆಯ ಕಾಲೇಜು ಹುಡುಗಿ ಸೈಕಲಿನಲ್ಲಿ ಜೊತೆಗೆ ಬರಲು ಒಪ್ಪಿದಳು, ನಾಯಿಗಳ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಒಂದು ಭ್ರಮೆ ಇಟ್ಟುಕೊಳ್ಳಬಾರದು ಎಂದೆ. ಬೇಸಿಗೆಯಲ್ಲಿ ನಮ್ಮ ಕರಾವಳಿಯ ಡ್ಯೂ ಪಾಯಿಂಟ್ ಹಗಲು ರಾತ್ರಿ ಹೆಚ್ಚು ಅಲುಗುವುದಿಲ್ಲ. ನಸುಕಿನಲ್ಲೂ 23, 24 ಇರುತ್ತದೆ. ಬೆಳಿಗ್ಗೆ ಎದ್ದದ್ದರ ಲಾಭ ಬಿಸಿಲು ಮತ್ತು ಕಾದ ರಸ್ತೆ ಇಲ್ಲದಿರುವುದು, ಏಳೆಂಟು ಡಿಗ್ರಿ ಕಡಿಮೆ ತಾಪ. ಜನವರಿಯ ಗಾಳಿ ಏಪ್ರಿಲ್‌ನಲ್ಲಿ ಎಷ್ಟು ಬೇಗ ಎದ್ದರೂ ಸಿಗದು.

ಹಾಗಾಗಿ ವೇಗದ ಪಟ್ಟಿಯನ್ನೇ ಬದಿಗಿಟ್ಟೆವು. ಅಂತರ್ಜಾಲದಲ್ಲಿ ಸಿಗುವ ತರಬೇತಿ ಯೋಜನೆಗಳಲ್ಲಿ "ಸುಲಭದ ಓಟ, 6.40" ಎಂದು ಬರೆದಿರುತ್ತದೆ. ಅದನ್ನು ಬರೆದವರ ಊರಲ್ಲಿ 12 ಡಿಗ್ರಿ ಇದ್ದಿರಬಹುದು. ಟೀಚರಿಗೆ ಕೊಟ್ಟ ನಿಯಮ: ಸುಲಭದ ಓಟದಲ್ಲಿ ಪೂರ್ತಿ ವಾಕ್ಯ ಆಡಲು ಉಸಿರು ಇರಬೇಕು, ಎದೆಬಡಿತ 145 ದಾಟಿದರೆ ನಡೆಯಬೇಕು, ಗಡಿಯಾರದ ವೇಗದ ಪರದೆಗೆ ಟೇಪ್ ಅಂಟಿಸಬೇಕು. (ಟೇಪ್ ಅಂಟಿಸಿದರು. ಆಗಾಗ ಎತ್ತಿ ನೋಡುತ್ತಿದ್ದರು ಎಂದು ಆ ಹುಡುಗಿ ಹೇಳಿದಳು.) ಜೋರಿನ ಓಟ ಬೇಕೇ ಬೇಕಲ್ಲ, ಕಾಲಿಗೆ ವೇಗ ಮರೆಯಬಾರದು. ಅದನ್ನು ಎಂಟು ಸಲ 400 ಮೀಟರ್ ಎಂದು ತುಂಡು ಮಾಡಿ, ನಡುವಿನ ವಿಶ್ರಾಂತಿಯನ್ನು ಎರಡು ಪಟ್ಟು ಹೆಚ್ಚಿಸಿದೆ. ವಾರಕ್ಕೊಂದು ದಿನ ಎಸಿ ಜಿಮ್.

ಬಟ್ಟೆ: ತೋಳು ಉದ್ದವೇ ಇರಲಿ, ಊರಲ್ಲಿ ಅವರಿಗೆ ಅದೇ ಅನುಕೂಲ. ಬಟ್ಟೆ ಮಾತ್ರ ತೆಳು ಪಾಲಿಯೆಸ್ಟರ್ ಆಗಲಿ ಎಂದೆ.

ನೀರಿನ ವಿಷಯದಲ್ಲಿ ಸ್ವಲ್ಪ ಜಗ್ಗಾಟ ಆಯಿತು. ಹೆಚ್ಚು ಕುಡಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಅವರದ್ದು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ರಕ್ತ ಕೊಟ್ಟ ಓಟಗಾರರಲ್ಲಿ ಶೇ. 13ರಷ್ಟು ಜನರ ಸೋಡಿಯಂ ಇರಬೇಕಾದ್ದಕ್ಕಿಂತ ಇಳಿದಿತ್ತು, ಮುಖ್ಯ ಕಾರಣ ಅತಿಯಾಗಿ ಕುಡಿದದ್ದು. ಓಟದ ನಂತರ ತೂಕ ಏರಿದ್ದರೆ ಅದು ಕೆಟ್ಟ ಲಕ್ಷಣ. ಬಾಯಾರಿದಾಗ ಕುಡಿಯುವುದು, ಒಂದು ಗಂಟೆಯ ಒಳಗಿನ ಓಟಕ್ಕೆ ನಾಲ್ಕು ಗುಟುಕು ಸಾಕು, ಮುಗಿದ ಮೇಲೆ ಉಪ್ಪು ಹಾಕಿದ ಗಂಜಿ ತಿಳಿ ಅಥವಾ ಮಜ್ಜಿಗೆ. ಬೊಂಡ, ಅಂದರೆ ಎಳನೀರು, ಎಲ್ಲರಿಗೂ ಇಷ್ಟ, ಕುಡಿಯಲಿ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಬೊಂಡದ ಜೊತೆ ಉಪ್ಪಿನಕಾಯಿಯ ಮಿಡಿ ಕಚ್ಚಿದರೆ ಲೆಕ್ಕ ಸರಿಹೋಗುತ್ತದೆ.

ಇನ್ನೊಂದು ಸಂಗತಿ ನೋಟ್‌ಪುಸ್ತಕದಲ್ಲೇ ಸಿಕ್ಕಿತು. ಅವಘಡದ ದಿನ ತಿಂಗಳ ಚಕ್ರದ ಎರಡನೆಯ ಅರ್ಧದಲ್ಲಿ ಬಿದ್ದಿತ್ತು. ಆ ದಿನಗಳಲ್ಲಿ ಹೆಂಗಸರ ದೇಹದ ತಾಪ ಮೊದಲೇ 0.3ರಿಂದ 0.5 ಡಿಗ್ರಿ ಮೇಲಿರುತ್ತದೆ. ಅದೇ ಕಾರಣ ಎನ್ನಲಾಗದು, ಆದರೆ ಉದ್ದ ಓಟವನ್ನು ಆ ವಾರದಿಂದ ಆಚೀಚೆ ಮಾಡುವುದಕ್ಕೆ ಖರ್ಚೇನಿಲ್ಲ.

ಹುಟ್ಟಿದಂದಿನಿಂದ ಇಲ್ಲೇ ಇದ್ದವರಿಗೆ ಸೆಕೆ ರೂಢಿಯಾಗಿರುವುದಿಲ್ಲವೇ ಎಂದು ಅವರ ಗಂಡ ಕೇಳಿದರು. ಒಳ್ಳೆಯ ಪ್ರಶ್ನೆ. ಫ್ಯಾನಿನ ಅಡಿ ಕೂತು ಸೆಕೆ ತಡೆಯುವ ರೂಢಿ ಬೇರೆ, ಸೆಕೆಯಲ್ಲಿ ಮೈ ದುಡಿಸುವ ರೂಢಿ ಬೇರೆ. ಎರಡನೆಯದಕ್ಕೆ 10ರಿಂದ 14 ದಿನ ದಿನಾ ಸ್ವಲ್ಪ ಸ್ವಲ್ಪ ಮೈ ಬಿಸಿಯೇರಿಸಬೇಕು. ಆಗ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಬಿಟ್ಟರೆ ಮೂರ್ನಾಲ್ಕು ವಾರದಲ್ಲಿ ಬಹುಪಾಲು ಹೋಗುತ್ತದೆ. ಸೆಕೆಯಲ್ಲಿ ಪಳಗಿದವರು ತಂಪು ಊರಲ್ಲೂ ಚೆನ್ನಾಗಿ ಓಡುತ್ತಾರೆ ಎಂದು 2010ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದವರು ಸೈಕಲ್ ಪಟುಗಳ ಮೇಲೆ ಪರೀಕ್ಷೆ ಮಾಡಿ ಹೇಳಿದ್ದರು. ಆಮೇಲಿನ ಎಲ್ಲ ಅಧ್ಯಯನಗಳೂ ಅದನ್ನು ಒಪ್ಪಿಲ್ಲ. ನಾನೂ ಟೀಚರಿಗೆ ಆ ಆಸೆ ಹಚ್ಚಲಿಲ್ಲ.

ಬೆಂಗಳೂರು, ಆಮೇಲೆ ಮಳೆ

ಬೆಂಗಳೂರಿನಲ್ಲಿ ಅವರ ಸಮಯ 63 ನಿಮಿಷ 20 ಸೆಕೆಂಡ್. ಗುರಿ 60 ಇತ್ತಲ್ಲ, ಟೀಚರಿಗೆ ಬೇಸರ. ನನಗೆ ಬೇಸರ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಅಲ್ಲಿನ ತೆಳು ಗಾಳಿ ಒಂದಿಷ್ಟು ಕಸಿಯುತ್ತದೆ. ಮೊದಲ ಕಿಲೋಮೀಟರಿನ ಜನಜಂಗುಳಿಯಲ್ಲಿ ಓಡುವುದಕ್ಕಿಂತ ದೂಡಿಸಿಕೊಳ್ಳುವುದೇ ಹೆಚ್ಚು. ನಡುವೆ ಒಂದು ವಾರ ಪೂರ್ತಿ ವಿಶ್ರಾಂತಿ ಆಗಿತ್ತು. ಅಷ್ಟಾಗಿಯೂ ಮಾರ್ಚಿನ 69ಕ್ಕಿಂತ ಸುಮಾರು ಆರು ನಿಮಿಷ ಬೇಗ, ಅದೂ ನಾಲ್ಕೇ ವಾರದ ಅಂತರದಲ್ಲಿ. ನಾಲ್ಕು ವಾರದಲ್ಲಿ ಯಾವ ತರಬೇತಿಯೂ ಇದನ್ನು ಕೊಡುವುದಿಲ್ಲ. ಗಾಳಿ ಬದಲಾದದ್ದಕ್ಕೆ ಸಿಕ್ಕಿದ್ದು ಇದು.

ಮೇ ತಿಂಗಳು ಕಳೆಯುವುದು ಕಷ್ಟವೇ ಆಯಿತು. ಸಂಜೆಯ ಸಿಡಿಲು ಮಳೆ ಬೇರೆ. ಗುಡ್ಡೆಯ ಬೋಳು ಮೈದಾನದಲ್ಲಿ ಓಡುವವರಿಗೆ ಒಂದೇ ನಿಯಮ, ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವಷ್ಟರಲ್ಲಿ ಸದ್ದು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ, ಪಕ್ಕಾ ಮನೆಯ ಒಳಗೆ ಹೋಗಬೇಕು. ಮರದ ಬುಡ ಬೇಡ.

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಟೀಚರ್ ಅಚ್ಚರಿಯಿಂದ ಫೋನ್ ಮಾಡಿದರು. ತೇವಾಂಶ ಶೇ. 97, ಆದರೆ ಸಮಯ 65ಕ್ಕೆ ಬಂದಿದೆ! ಅಚ್ಚರಿಪಡುವಂಥದ್ದೇನಿಲ್ಲ. ಮಳೆಗಾಲದ ಬೆಳಿಗ್ಗೆ 24 ಡಿಗ್ರಿ, ಡ್ಯೂ ಪಾಯಿಂಟೂ ಹತ್ತಿರ ಹತ್ತಿರ ಅಷ್ಟೇ. ನೀರಾವಿ ಏಪ್ರಿಲ್‌ನಷ್ಟೇ ಇದ್ದರೂ ಗಾಳಿಗೆ ಬೀಸು ಇದೆ, ಬಿಸಿಲಿಲ್ಲ, ಮೈಮೇಲೆ ಬೀಳುವ ಮಳೆನೀರು ಮೈಗಿಂತ ಹತ್ತು ಡಿಗ್ರಿ ತಣ್ಣಗೆ. ಆವಿಯಾಗದಿದ್ದರೂ ಹರಿದುಹೋಗುವ ನೀರೇ ಶಾಖ ಒಯ್ಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರಲ್ಲಿ ಮಳೆಯೆಂದು ಓಟ ನಿಲ್ಲಿಸಿದರೆ ವರ್ಷದ ಮೂರನೆಯ ಒಂದು ಪಾಲೇ ಹೋಯಿತು. ಮಳೆಗಾಲದ ತೊಂದರೆಗಳು ಬೇರೆ ಜಾತಿಯವು: ಮುರಕಲ್ಲಿನ ಮೇಲೆ ಪಾಚಿ, ಒಣಗದ ಶೂ, ಬೆರಳ ಸಂದಿಯ ಕಜ್ಜಿ, ಹೊಂಡದ ನೀರು ಹಾರಿಸಿ ಹೋಗುವ ಬಸ್ಸು. ಎರಡು ಜೊತೆ ಶೂ, ಒಳಗೆ ಹಳೇ ಪೇಪರು ತುರುಕಿ ಒಣಗಿಸುವುದು, ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ. ಇದಕ್ಕಿಂತ ಹೆಚ್ಚು ಬರೆಯುವಂಥದ್ದಿಲ್ಲ.

ಟೀಚರರ ನೋಟ್‌ಪುಸ್ತಕದಲ್ಲಿ ಈಗ ತೇವಾಂಶದ ಕಾಲಂ ಇಲ್ಲ, ಅದರ ಜಾಗದಲ್ಲಿ ಡ್ಯೂ ಪಾಯಿಂಟ್ ಇದೆ. 18ರ ಒಳಗಿದ್ದರೆ ವೇಗ ನೋಡಬಹುದು, 18ರಿಂದ 22ಕ್ಕೆ ಸ್ವಲ್ಪ ರಿಯಾಯಿತಿ, 24 ದಾಟಿದ ದಿನ ಸಮಯ ಬರೆಯುವುದೇ ಇಲ್ಲ, ಎದೆಬಡಿತ ಮಾತ್ರ. ಈ ಗಡಿಗಳು ನಾವು ಅವರ ಪುಸ್ತಕದಿಂದ ಎತ್ತಿಕೊಂಡವು, ಅವರ ಮೈಗೆ ಹೊಂದುವಂಥವು. ಇನ್ನೊಬ್ಬರು ತಮ್ಮ ಪುಸ್ತಕದಿಂದ ತಮ್ಮದನ್ನು ಎತ್ತಿಕೊಳ್ಳಬೇಕು. 60 ನಿಮಿಷದ ಪ್ರಯತ್ನವನ್ನು ಡಿಸೆಂಬರ್ ನಡುವಿಗೆ ಇಟ್ಟಿದ್ದೇವೆ, ನೀರ್ಚಾಲು ರಸ್ತೆಯಲ್ಲೇ, ಪೂರ್ವದ ಗಾಳಿ ಹಿಡಿದ ಮೇಲೆ. ದಿನಾಂಕ ಇನ್ನೂ ಗೊತ್ತು ಮಾಡಿಲ್ಲ, ಆ ವಾರದ ಡ್ಯೂ ಪಾಯಿಂಟ್ ನೋಡಿ ಹಿಂದಿನ ರಾತ್ರಿ ಹೇಳುತ್ತೇನೆ ಎಂದಿದ್ದೇನೆ.